ಎತ್ತುವ ಮಾಡಿಗೆ ಯಾವ ಬಟ್ಟೆ?

ಮೇ ಕೊನೆಗೆ ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಹತ್ತಿರವಾದ ಹಾಗೆ ನಮ್ಮ ಕಾಸರಗೋಡಿನಲ್ಲಿ ಎರಡು ಬಗೆಯ ಗಂಟುಮೂಟೆ ಕಟ್ಟುವ ಕೆಲಸ ನಡೆಯುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಒಳಗೇ ಮಲಗಿ ಊರೂರು ಸುತ್ತುವ ಕ್ಯಾಂಪರ್ ವ್ಯಾನ್ ಇಟ್ಟುಕೊಂಡ ನನ್ನಂಥ ನಾಲ್ಕಾರು ಮಂದಿ ಎತ್ತುವ ಮಾಡನ್ನು (ನಿಂತಲ್ಲಿ ಮೇಲಕ್ಕೆತ್ತಿದರೆ ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಚಾವಣಿಯನ್ನು) ಮಡಚಿ, ಚಿಲಕ ಹಾಕಿ, ವ್ಯಾನನ್ನು ಶೆಡ್ಡಿನೊಳಗೆ ತಳ್ಳುತ್ತೇವೆ. ದೀಪಾವಳಿ ಕಳೆದು ಮತ್ತೆ ಮಾಡನ್ನು ಎತ್ತಿದಾಗ ಹೊಡೆಯುವ ವಾಸನೆಯೇ ಬಟ್ಟೆ ಬದಲಿಸಬೇಕೋ ಬೇಡವೋ ಎಂದು ಹೇಳಿಬಿಡುತ್ತದೆ.

ಈ ಸಲ ಮೂವರು ಒಂದೇ ಪ್ರಶ್ನೆ ಹಿಡಿದು ಬಂದರು. ಉಪ್ಪಳದ ಯುವಕನೊಬ್ಬ ತನ್ನ ವ್ಯಾನನ್ನು ಬೇಕಲ ಕೋಟೆ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಾನೆ. ಬದಿಯಡ್ಕ ಕಡೆಯ ಅಡಿಕೆ ಕೃಷಿಕ ದಂಪತಿಗೆ ಮಳೆಗಾಲದಲ್ಲೇ ಕೊಡಗು, ಸಕಲೇಶಪುರ ಸುತ್ತುವ ಹುಚ್ಚು. ತೋಟಕ್ಕೆ ಒಂದು ಸಲ ಕೊಳೆರೋಗದ ಔಷಧಿ ಬೋರ್ಡೋ ಹೊಡೆದು ಇನ್ನೊಂದು ಸಲ ಹೊಡೆಯುವ ನಡುವಿನ 40–45 ದಿನಗಳೇ ಅವರ ರಜೆ. ನೀರ್ಚಾಲಿನ ನಿವೃತ್ತ ಮೇಷ್ಟರು ಚಳಿಗಾಲ ಬಂತೆಂದರೆ ಹೆಂಡತಿಯನ್ನು ಕೂರಿಸಿಕೊಂಡು ಘಟ್ಟ ಹತ್ತಿ ಹಂಪಿ, ಬಾದಾಮಿ, ವಿಜಯಪುರ ಎಂದು ತಿಂಗಳುಗಟ್ಟಲೆ ತಿರುಗುತ್ತಾರೆ. ಮೂವರ ವ್ಯಾನಿನಲ್ಲೂ ಮಾಡಿನ ಸುತ್ತಲಿನ ಕ್ಯಾನ್ವಾಸ್ ಹೋಗಿದೆ. "ಯಾವುದು ಒಳ್ಳೆಯ ಬಟ್ಟೆ?" ಎಂದು ಮೂವರೂ ಕೇಳಿದರು. ಮೂವರಿಗೂ ನಾನು ಬೇರೆ ಬೇರೆ ಬಟ್ಟೆ ಹೇಳಿದೆ. ಯಾಕೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಕತ್ತರಿ ಹಿಡಿಯುವ ಮೊದಲು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಹಾಗಾಗಿ ಎಲ್ಲರಿಗೂ ಮೊದಲ ಚಿಂತೆ ಸೋರುವುದರದ್ದು. ಸೋರುವುದನ್ನು ತಡೆಯುವುದು ಕಷ್ಟವಲ್ಲ. ಸರಿಯಾಗಿ ಹೊಲಿದರೆ ಇಲ್ಲಿ ಹೇಳುವ ಎಲ್ಲ ಬಟ್ಟೆಗಳೂ ಮಳೆ ತಡೆಯುತ್ತವೆ. ಬಟ್ಟೆಯನ್ನು ಕೊಲ್ಲುವುದು ಅದು ಒದ್ದೆಯಾಗಿ ಮಡಚಿಕೊಂಡು, ಗಾಳಿಯಾಡದೆ, ನಾಲ್ಕು ತಿಂಗಳು ಬಿದ್ದಿರುವುದು. ಅಡಿಕೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಳದಲ್ಲಿ ಒಂದು ಮಳೆ ಹೊಡೆದ ಅಡಿಕೆಯನ್ನು ಮತ್ತೆ ಒಣಗಿಸಿಕೊಳ್ಳಬಹುದು. ಹಸಿ ಆರದೆ ಗೋಣಿಗೆ ತುಂಬಿದ ಅಡಿಕೆ ಕೈಬಿಟ್ಟಿತು ಎಂದೇ ಲೆಕ್ಕ.

ಆದ್ದರಿಂದ ನನ್ನ ಮೊದಲ ಅಳತೆಗೋಲು ಇದು: ವ್ಯಾನ್ ಮಳೆಗಾಲವನ್ನು ಹೇಗೆ ಕಳೆಯುತ್ತದೆ? ವಾರಕ್ಕೊಮ್ಮೆಯಾದರೂ ಮಾಡು ಎತ್ತಿ ಗಾಳಿಗೆ ಬಿಡುತ್ತೀರೋ, ಜೂನ್‌ನಲ್ಲಿ ಹಾಕಿದ ಚಿಲಕವನ್ನು ಅಕ್ಟೋಬರ್‌ನಲ್ಲಿ ತೆಗೆಯುತ್ತೀರೋ? ಉತ್ತರವನ್ನು ಪ್ರಾಮಾಣಿಕವಾಗಿ ಕೊಟ್ಟುಕೊಳ್ಳಿ. "ಈ ವರ್ಷ ವಾರಕ್ಕೊಮ್ಮೆ ತೆಗೆಯುತ್ತೇನೆ" ಎಂಬ ಸಂಕಲ್ಪ ಜುಲೈ ನಡುವೆ ಶುರುವಾಗುವ ಆಟಿ ತಿಂಗಳಿನ ಮೂರನೆಯ ದಿನಕ್ಕೆ ಮುರಿದುಬೀಳುತ್ತದೆ.

ಎರಡನೆಯದು ಮಡಿಕೆಯ ದಪ್ಪ. ಮಾಡು ಮುಚ್ಚಿದಾಗ ಬಟ್ಟೆ ಮಡಚಿ ಕೂರಲು ಎಷ್ಟು ಸಂದು ಇದೆ ಎಂದು ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಹಳೆಯ ಬಟ್ಟೆ ತೆಗೆದ ಮೇಲೆ ನಾಲ್ಕು ಮೂಲೆಗಳಲ್ಲೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಚಪಾತಿ ಹಿಟ್ಟಿನ ಉಂಡೆ ಇಟ್ಟು, ಮಾಡನ್ನು ಮುಚ್ಚಿ, ಚಿಲಕ ಹಾಕಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮ್ಮ ಸಂದು. ಎರಡು ಸೆಂಟಿಮೀಟರಿಗಿಂತ ಕಡಿಮೆ ಬಂದರೆ ದಪ್ಪ ಟರ್ಪಾಲಿನ ಆಸೆ ಬಿಡಿ.

ಮೂರನೆಯದು ಉಸಿರಾಟ. ಮಲಗಿದ ಮನುಷ್ಯನೊಬ್ಬನ ಉಸಿರು ಮತ್ತು ಬೆವರಿನಲ್ಲಿ ರಾತ್ರಿಗೆ ಕಾಲು ಲೀಟರಿನಷ್ಟು ನೀರು ಹೊರಬರುತ್ತದೆ. ಇಬ್ಬರು ಮಲಗಿದರೆ ಅರ್ಧ ಲೀಟರ್. ಬಟ್ಟೆ ಅದನ್ನು ಹೊರಗೆ ಬಿಡದಿದ್ದರೆ ಅದು ಬೆಳಗಿನ ಜಾವ ನಿಮ್ಮ ಹಣೆಗೇ ತೊಟ್ಟಿಕ್ಕುತ್ತದೆ. ಅಂಗಡಿಯಲ್ಲಿ ಬಟ್ಟೆಯ ತುಂಡನ್ನು ಬಾಯಿಗೆ ಒತ್ತಿ ಊದಿ ನೋಡಿ. ಅಂಗಡಿಯವರು ನಕ್ಕರೆ ನಗಲಿ.

ಇನ್ನು ಹೊಲಿಗೆ, ತೇಪೆ. ಇಲ್ಲಿನ ಕುಶನ್ ಅಂಗಡಿಯವರ ಯಂತ್ರದಲ್ಲಿ ಅದು ಹೊಲಿಯಲು ಬರಬೇಕು, ಮಡಿಕೇರಿಯಲ್ಲಿ ಹರಿದರೆ ಮಡಿಕೇರಿಯಲ್ಲೇ ತೇಪೆ ಹಾಕಿಸಲು ಆಗಬೇಕು.

ಕೊನೆಗೆ ದುಡ್ಡು. ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ನನ್ನ ವ್ಯಾನಿನ ಮಾಡು 2.4 ಮೀಟರ್ ಉದ್ದ, 1.4 ಮೀಟರ್ ಅಗಲ. ಕೀಲು ಮುಂದೆ ಇದೆ, ಹಿಂದುಗಡೆ ಒಂದು ಮೀಟರ್ ಎತ್ತರಕ್ಕೆ ಏಳುತ್ತದೆ. ಎರಡು ಪಕ್ಕದ ತ್ರಿಕೋನಗಳು ಸೇರಿ 2.4 ಚದರ ಮೀಟರ್, ಹಿಂಭಾಗದ್ದು 1.4, ಒಟ್ಟು ನಾಲ್ಕು ಚದರ ಮೀಟರೂ ಇಲ್ಲ. ಅಂಚಿನ ಮಡಿಕೆ, ಕಿಟಕಿಯ ಮುಚ್ಚಳ, ಹಾಳಾಗುವುದು ಎಲ್ಲ ಸೇರಿಸಿದರೂ ಒಂದೂವರೆ ಮೀಟರ್ ಪನ್ನದ ಬಟ್ಟೆ ಆರು ಮೀಟರ್ ಸಾಕಾಯಿತು. ಕಳಚುವ ಕೂಲಿ, ಹೊಲಿಗೆ, ಜಿಪ್, ಸೊಳ್ಳೆ ಪರದೆ, ಹೊಸ ಸ್ಕ್ರೂ, ಸೀಲಂಟ್ ಎಂದು ಎಲ್ಲವನ್ನೂ ಕೂಡಿಸಿದಾಗ ಬಟ್ಟೆಯ ಪಾಲು ಒಟ್ಟು ಖರ್ಚಿನ ಮೂರನೆಯ ಒಂದು ಭಾಗ ದಾಟಲಿಲ್ಲ. ಅದೂ ನಾನು ಎಲ್ಲಕ್ಕಿಂತ ದುಬಾರಿ ಬಟ್ಟೆ ಹಾಕಿಸಿದಾಗ. ಬಟ್ಟೆಯಲ್ಲಿ ಉಳಿಸಲು ಹೋಗಿ ಎರಡು ವರ್ಷಕ್ಕೊಮ್ಮೆ ಕೂಲಿ ಕೊಡುವುದು ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಮುಂದೆ ನೋಡೋಣ.

ಟರ್ಪಾಲು

ಲಾರಿಗೆ ಹೊದಿಸುವ ಪಿವಿಸಿ ಲೇಪದ ಟರ್ಪಾಲು ಎಲ್ಲಕ್ಕಿಂತ ಸುಲಭವಾಗಿ ಸಿಗುವಂಥದ್ದು, ಅಗ್ಗವೂ ಹೌದು. ಕಾಸರಗೋಡಿನಲ್ಲಿ ಬೇಕಾದ ಬಣ್ಣ ಇಲ್ಲದಿದ್ದರೆ 50 ಕಿ.ಮೀ. ದೂರದ ಮಂಗಳೂರಿನ ಬಂದರು ಪೇಟೆಗೆ ಹೋದರೆ ಆಯಿತು. ಒಂದು ಹನಿಯೂ ಒಳಗೆ ಬರುವುದಿಲ್ಲ. ಕೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಜೋಡಣೆಗಳನ್ನು ಹೊಲಿಯದೆ ಬಿಸಿಗಾಳಿಯಿಂದ ಬೆಸೆಯಲೂ ಬರುತ್ತದೆ. ಸೂಜಿಯ ತೂತೇ ಇಲ್ಲದ ಮೇಲೆ ಸೋರುವ ಮಾತೆಲ್ಲಿ?

ಹೊರಗಿನ ನೀರು ಒಳಗೆ ಬರದ ಬಟ್ಟೆಯಲ್ಲಿ ಒಳಗಿನ ನೀರೂ ಹೊರಗೆ ಹೋಗುವುದಿಲ್ಲ. ನಾನು ಎರಡನೆಯ ಸಲ ಹಾಕಿಸಿದ್ದು ಇದನ್ನೇ. ಮೊದಲ ಡಿಸೆಂಬರಿನಲ್ಲಿ ರಾಣಿಪುರ ಬೆಟ್ಟದ ಬುಡದಲ್ಲಿ ಮಲಗಿ ಬೆಳಿಗ್ಗೆ ಎದ್ದಾಗ ಹಾಸಿಗೆಯ ಅಂಚು ಹಿಂಡುವ ಹಾಗಿತ್ತು. ಆಕಾಶದಲ್ಲಿ ನಕ್ಷತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಮಗಳು "ಅಪ್ಪಾ, ಸೋರುತ್ತಿದೆ" ಎಂದಳು. "ಇಲ್ಲ ಮಗಳೇ, ಇದು ನಾವೇ" ಎಂದೆ. ಅದಲ್ಲದೆ ಪಿವಿಸಿಯನ್ನು ಮೆದುವಾಗಿಡುವ ಅಂಶ ವರ್ಷ ಕಳೆದಂತೆ ಆರಿಹೋಗಿ, ಬಟ್ಟೆ ಬಿರುಸಾಗಿ, ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ದಪ್ಪವೂ ಜಾಸ್ತಿ. ಚಿಲಕ ಹಾಕಲು ನಾನೂ ಹೆಂಡತಿಯೂ ಮಾಡಿನ ಮೇಲೆ ನೇತಾಡಿದ್ದೇವೆ.

ಇದೇ ಜಾತಿಯ ತೆಳು ತಮ್ಮನಾದ ಫ್ಲೆಕ್ಸ್ ಬ್ಯಾನರಿನ ಹತ್ತಿರವೂ ಹೋಗಬೇಡಿ. ಚುನಾವಣೆಯ ಫ್ಲೆಕ್ಸನ್ನೇ ಹೊಲಿಸಿಕೊಂಡ ವ್ಯಾನೊಂದನ್ನು ನೋಡಿದ್ದೇನೆ. ಮಲಗಿ ಪಕ್ಕಕ್ಕೆ ತಿರುಗಿದರೆ ಅಭ್ಯರ್ಥಿ ತಲೆಕೆಳಗಾಗಿ ಕೈಮುಗಿಯುತ್ತಿದ್ದರು.

ನೂಲಿನ ಕ್ಯಾನ್ವಾಸ್

ಹತ್ತಿಯದು, ಅಥವಾ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ್ದು. ನನಗೆ ಸಿಕ್ಕ ಬೆಲೆಗಳಲ್ಲಿ ಟರ್ಪಾಲಿನ ಒಂದೂವರೆಯಿಂದ ಎರಡು ಪಾಲು. ಮಲಗುವವರ ಸುಖವನ್ನಷ್ಟೇ ನೋಡಿದರೆ ಇದರ ಮುಂದೆ ಯಾವುದೂ ಇಲ್ಲ. ಬಿಸಿಲಿನಲ್ಲಿ ಒಳಗೆ ಕುದಿಯುವುದಿಲ್ಲ, ಚಳಿಯಲ್ಲಿ ತೊಟ್ಟಿಕ್ಕುವುದಿಲ್ಲ, ಗಾಳಿಗೆ ಪಟಪಟ ಬಡಿದುಕೊಳ್ಳುವುದಿಲ್ಲ. ಮಳೆ ತಡೆಯುವ ಇದರ ಉಪಾಯವೇ ಚಂದ: ಒದ್ದೆಯಾದಾಗ ನೂಲು ಊದಿಕೊಂಡು ನೇಯ್ಗೆಯ ಕಣ್ಣುಗಳನ್ನು ತಾನೇ ಮುಚ್ಚುತ್ತದೆ. ಅದಕ್ಕಾಗಿಯೇ ಹೊಸ ಕ್ಯಾನ್ವಾಸನ್ನು ಪ್ರವಾಸಕ್ಕೆ ಮೊದಲು ಎರಡು ಮೂರು ಸಲ ಪೂರ್ತಿ ನೆನೆಸಿ ಒಣಗಿಸಬೇಕು. ಮೊದಲ ಮಳೆಗೆ ಹೊಲಿಗೆಯ ಸಾಲಿನಲ್ಲಿ ನೀರು ಕಂಡು ಅಂಗಡಿಯವರ ಮೇಲೆ ಹಾರಾಡುವವರು ಈ ಕೆಲಸ ಮಾಡಿರುವುದಿಲ್ಲ. ಒದ್ದೆಯಾಗಿರುವಾಗ ಒಳಗಿನಿಂದ ಬೆರಳು ತಾಗಿಸಬಾರದು. ತಾಗಿಸಿದಲ್ಲಿ ನೀರು ಒಳಗೆ ದಾರಿ ಹುಡುಕಿಕೊಳ್ಳುತ್ತದೆ.

ಹತ್ತಿ ಕುಗ್ಗುತ್ತದೆ ಎಂಬುದೂ ನೆನಪಿರಲಿ. ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿ, ಇಲ್ಲವೇ ಕುಗ್ಗಿಸಿಟ್ಟ ಬಟ್ಟೆಯನ್ನೇ ಕೇಳಿ. ಹೊಲಿದು ಕೂರಿಸಿದ ಮೇಲೆ ಕುಗ್ಗಿದರೆ ಮಾಡು ಪೂರ್ತಿ ಏಳುವುದಿಲ್ಲ.

ಇದರ ಶತ್ರು ಬೂಷ್ಟು. ಹತ್ತಿಯ ನಾರೇ ಬೂಷ್ಟಿಗೆ ಊಟ. ಮೂರನೆಯ ಸಲ ಬಟ್ಟೆ ಆರಿಸುವ ಮೊದಲು ಒಂದು ಆಟಿಯಲ್ಲಿ ನಾನು ನಾಲ್ಕು ಬಗೆಯ ಬಟ್ಟೆಯ ಅಂಗೈಯಗಲದ ತುಂಡುಗಳನ್ನು ನೆನೆಸಿ, ಮಡಚಿ, ಮುಚ್ಚಳ ಬಿಗಿಯಾದ ಡಬ್ಬಿಗಳಲ್ಲಿ ಹಾಕಿ ಅಟ್ಟದಲ್ಲಿಟ್ಟೆ. ಹದಿನೈದು ದಿನಗಳ ಮೇಲೆ ತೆಗೆದಾಗ ಹತ್ತಿಯ ತುಂಡಿನ ಮಡಿಕೆಯೊಳಗೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಉಜ್ಜಿದೆ, ವಿನಿಗರ್ ಹಚ್ಚಿದೆ. ವಾಸನೆ ಹೋಯಿತು, ಚುಕ್ಕೆ ಹೋಗಲಿಲ್ಲ. ಟರ್ಪಾಲಿನ ಮೇಲೆ ಲೋಳೆಯಂಥದ್ದು ಇತ್ತು, ಒರೆಸಿದಾಗ ಹೋಯಿತು. ಅಕ್ರಿಲಿಕ್ ತುಂಡಿನಲ್ಲಿ ಮೊದಲೇ ಎಣ್ಣೆ ಕೈ ತಾಗಿದ್ದ ಮೂಲೆಯಲ್ಲಿ ಮಾತ್ರ ಸ್ವಲ್ಪ ಹಸಿರು. ನೈಲಾನ್ ಶುಭ್ರವಾಗಿತ್ತು, ಆದರೆ ಅದರ ಕಥೆ ಬೇರೆ.

ಅಕ್ರಿಲಿಕ್

ಅಂಗಡಿ ಮುಂದಿನ ಬಟ್ಟೆಯ ಚಪ್ಪರಗಳಿಗೆ, ವಿಹಾರ ದೋಣಿಗಳ ಹೊದಿಕೆಗೆ ಬಳಸುವ ಬಟ್ಟೆ ಇದು. ಎಳೆ ತೆಗೆಯುವ ಮೊದಲೇ ದ್ರಾವಣಕ್ಕೆ ಬಣ್ಣ ಬೆರೆಸಿರುತ್ತಾರೆ. ಬಣ್ಣ ಎಳೆಯ ಮೈತುಂಬ ಇರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ಚದರ ಮೀಟರಿಗೆ ಸುಮಾರು 300 ಗ್ರಾಂ ತೂಕ. ಲಾರಿ ಟರ್ಪಾಲು ಸಾಮಾನ್ಯವಾಗಿ ಅದರ ಎರಡರಷ್ಟು ಭಾರ. ಮೆತ್ತಗೆ ಮಡಚುತ್ತದೆ. ಸ್ವಲ್ಪ ಉಸಿರಾಡುತ್ತದೆ, ಹತ್ತಿಯಷ್ಟಲ್ಲ. ನಾರು ಕೊಳೆಯುವುದಿಲ್ಲ. ಮೇಲೆ ಕೂತ ಕೊಳೆಗೆ ಬೂಷ್ಟು ಬಂದೀತು, ತೊಳೆದರೆ ಹೋದೀತು.

ದೋಷಗಳೂ ಇವೆ. ಉಜ್ಜಾಟ ತಡೆಯುವುದಿಲ್ಲ: ಮಾಡಿನ ಕೀಲು ತಾಗುವ ಕಡೆ ತೇಪೆಯನ್ನು ಮೊದಲೇ ಹೊಲಿಸಿಡಬೇಕು. ನೀರು ಜಾರಿಸುವ ಲೇಪ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಮತ್ತೆ ಸಿಂಪಡಿಸಬೇಕು. ಸೂಜಿಯ ತೂತು ಹತ್ತಿಯಂತೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಹೊಲಿಗೆಯ ಸಾಲುಗಳಿಗೆ ಸೀಲಂಟ್ ಹಚ್ಚಲೇಬೇಕು. ನನಗೆ ಬೆಲೆ ಟರ್ಪಾಲಿನ ನಾಲ್ಕೈದು ಪಾಲು ಬಿತ್ತು, ಅದೂ ಬೆಂಗಳೂರಿನಿಂದ ತರಿಸಿ. ಹಾಕಿಸಿ ನಾಲ್ಕು ಮಳೆಗಾಲ ಕಳೆದಿವೆ. ಎಡ ಕೀಲಿನ ಬಳಿ ಒಂದು ತೇಪೆ ಬಿಟ್ಟರೆ ಮುಟ್ಟಿಲ್ಲ.

ನೈಲಾನ್, ಮತ್ತು ಉಳಿದವು

ಡೇರೆಗಳಿಗೆ ಬಳಸುವ ಲೇಪದ ನೈಲಾನ್ ಹಗುರ, ಅಂಗೈಯೊಳಗೆ ಮಡಚುತ್ತದೆ. ಸಂದು ತೀರಾ ಕಿರಿದಾದ ಮಾಡಿಗೆ ಬೇರೆ ದಾರಿಯಿಲ್ಲದಾಗ ಇದನ್ನು ಯೋಚಿಸಬಹುದು. ಆದರೆ ಅದರ ಒಳಮೈಯ ಪಾಲಿಯುರಿಥೇನ್ ಲೇಪವನ್ನು ಸೆಕೆ ಮತ್ತು ತೇವ ಸೇರಿ ಒಡೆಯುತ್ತವೆ. ಕರಾವಳಿಯಲ್ಲಿ ಕಪಾಟಿನಲ್ಲಿಟ್ಟ ಹಳೆಯ ಡೇರೆಯನ್ನು ಬಿಚ್ಚಿದವರಿಗೆ ಆ ಅಂಟು, ಆ ಹುಳಿ ವಾಸನೆ ಗೊತ್ತು. ಬಿಸಿಲಿಗೂ ನೈಲಾನ್ ಬೇಗ ಬಡವಾಗುತ್ತದೆ. ನಮ್ಮ ಊರಿಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ.

ವಿದೇಶದಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಹೊಲಿದಿಟ್ಟ ಸಿದ್ಧ ಬಟ್ಟೆಯೇ ಸಿಗುತ್ತದೆ. ನಮ್ಮಲ್ಲಿ ಒಂದೊಂದು ಮಾಡೂ ಒಂದೊಂದು ವರ್ಕ್‌ಶಾಪಿನ ಅಳತೆ, ಅದು ಕೂರುವುದಿಲ್ಲ. ಬಟ್ಟೆಯ ತಂಟೆಯೇ ಬೇಡವೆಂದು ಸುತ್ತ ಫೈಬರ್ ಗೋಡೆ ಹಾಕಿಸಿ ಮಾಡನ್ನು ಕಾಯಂ ಎತ್ತಿಬಿಡುವ ಸಲಹೆಯೂ ಬರುತ್ತದೆ. ಆಗ ವಾಹನದ ಎತ್ತರ ನೋಂದಣಿ ಪತ್ರದಲ್ಲಿ (ಆರ್‌ಸಿ) ಬರೆದದ್ದಕ್ಕೆ ಹೊಂದುವುದಿಲ್ಲ, ವಾಹನದ ಮಾರ್ಪಾಡಿನ ಬಗ್ಗೆ ಹೇಳುವ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಅಡ್ಡ ಬರುತ್ತದೆ. ತಲಪಾಡಿಯ ರಾಜ್ಯ ಗಡಿ ದಾಟುವಾಗಲೆಲ್ಲ ಎದೆ ಹೊಡೆದುಕೊಳ್ಳುವ ಪ್ರವಾಸ ಯಾರಿಗೆ ಬೇಕು?

ಒಂದು ಕ್ಷಣ ನಿಂತು, ಬದಲಿಸಲೇಬೇಕೇ ಎಂದೂ ನೋಡಿ. ನನ್ನ ಮೊದಲ ಕ್ಯಾನ್ವಾಸಿನಲ್ಲಿ ಹೋದದ್ದು ಬಟ್ಟೆಯಲ್ಲ. ಮುಂದಿನ ಎಡ ಮೂಲೆಯಲ್ಲಿ ಬಟ್ಟೆ ಬಾಯಿ ಬಿಟ್ಟಿತ್ತು. ಎಳೆದು ನೋಡಿದರೆ ಬಟ್ಟೆ ಗಟ್ಟಿ. ಹೊಲಿಗೆಯ ನೂಲು ಮಾತ್ರ ಬೆರಳ ನಡುವೆ ಹಿಟ್ಟಾಯಿತು. ಯಾರೋ ಹತ್ತಿ ನೂಲಿನಲ್ಲಿ ಹೊಲಿದಿದ್ದರು. ಹಳೆಯ ತೂತುಗಳಲ್ಲೇ ಪಾಲಿಯೆಸ್ಟರ್ ನೂಲು ಹಾಕಿ ಮತ್ತೆ ಹೊಲಿಸಿದ್ದರೆ ಇನ್ನೆರಡು ವರ್ಷ ಬರುತ್ತಿತ್ತು. ಆಗ ನನಗೆ ಅಷ್ಟು ತಿಳಿವಳಿಕೆ ಇರಲಿಲ್ಲ. ಬೆರಳಿನಿಂದ ಚುಚ್ಚಿದಾಗ ಬಟ್ಟೆಯೇ ಹರಿದರೆ ಬದಲಿಸಿ. ಹೊಲಿಗೆ ಮಾತ್ರ ಬಿಟ್ಟಿದ್ದರೆ ಹೊಲಿಸಿ, ಲೇಪ ಹಚ್ಚಿ, ದುಡ್ಡು ಉಳಿಸಿ.

ಹೊಲಿಯುವವರು

ಜೀಪಿನ ಹುಡ್, ರಿಕ್ಷಾದ ಹುಡ್ ಹೊಲಿಯುವ ಕುಶನ್ ಅಂಗಡಿಯವರೇ ಈ ಕೆಲಸಕ್ಕೆ ತಕ್ಕವರು. ಶಾಮಿಯಾನ ಹೊಲಿಯುವವರು ದೊಡ್ಡ ಬಟ್ಟೆಗೆ ಹೆದರುವುದಿಲ್ಲ, ಆದರೆ ಮೂಲೆಗಳಲ್ಲಿ ಕೈ ಓಡುವುದಿಲ್ಲ. ನನ್ನ ಕುಶನ್ ಅಂಗಡಿಯವರು ಅಳತೆ ಟೇಪು ತೆಗೆಯುವ ಮೊದಲು ತುಳುವಿನಲ್ಲಿ ಕೇಳಿದ್ದು ಒಂದೇ: "ಅಣ್ಣಾ, ಇದು ಮುಚ್ಚುವಾಗ ಬಟ್ಟೆ ಒಳಗೆ ಹೋಗಬೇಕೋ, ಹೊರಗೆ ಬರಬೇಕೋ?" ಈ ಪ್ರಶ್ನೆ ಕೇಳುವವರನ್ನು ಬಿಡಬೇಡಿ. ಹೊರಗೆ ಉಬ್ಬಿದ ಬಟ್ಟೆ ಮಾಡಿಗೂ ಬಾಡಿಗೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಅದನ್ನು ತಡೆಯಲು ಬಟ್ಟೆಯ ನಡು ಎತ್ತರದಲ್ಲಿ ಸುತ್ತ ಒಂದು ಇಲಾಸ್ಟಿಕ್ ಹಗ್ಗ ಕಟ್ಟುತ್ತಾರೆ; ಮಾಡು ಇಳಿಯುವಾಗ ಅದು ಬಟ್ಟೆಯನ್ನು ಒಳಕ್ಕೆ ಸೆಳೆಯುತ್ತದೆ.

ಬಟ್ಟೆ ಯಾವುದೇ ಇರಲಿ, ನೂಲು ಪಾಲಿಯೆಸ್ಟರಿನದೇ. ಸ್ಟೇಪಲ್ ಪಿನ್ನು, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಕುಂಬಳೆಯ ಉಪ್ಪುಗಾಳಿಗೆ ಸಾದಾ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಣ್ಣೀರು ಇಳಿಸುತ್ತದೆ. ಕೆಳಗಿನ ಅಲ್ಯುಮಿನಿಯಂ ಪಟ್ಟಿಯ ಅಡಿಗೆ ಸಿಲಿಕಾನ್ ಸುರಿಯಲು ಬಿಡಬೇಡಿ. ಮುಂದಿನ ಸಲ ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಬಣ್ಣವೂ ಬರುತ್ತದೆ, ಉಳಿದ ಜಿಡ್ಡಿನ ಮೇಲೆ ಬೇರೇನೂ ಅಂಟುವುದಿಲ್ಲ. ರಬ್ಬರಿನಂಥ ಅಂಟುಪಟ್ಟಿಯಾದ ಬ್ಯೂಟೈಲ್ ಟೇಪು ಸಾಕು. ಇನ್ನೊಂದು ಎಚ್ಚರಿಕೆ: ಕೆಲವು ಮಾಡುಗಳಲ್ಲಿ, ಅದನ್ನು ಮೇಲಕ್ಕೆ ತಳ್ಳುವ ಗ್ಯಾಸ್ ಸ್ಟ್ರಟ್‌ಗಳನ್ನು ಹಿಡಿದು ನಿಲ್ಲಿಸುವುದು ಬಟ್ಟೆಯೇ. ಅದನ್ನು ಕಳಚಿದ ಕೂಡಲೇ ಮಾಡು ಅಳತೆ ಮೀರಿ ಮೇಲಕ್ಕೆ ಹಾರುತ್ತದೆ. ಮೊದಲು ಹಗ್ಗ ಕಟ್ಟಿ.

ಮೇ ತಿಂಗಳಿನಲ್ಲಿ ಹೋದರೆ ಅಂಗಡಿಯ ಮುಂದೆ ಹುಡ್ ಹೊಲಿಸಲು ಬಂದ ರಿಕ್ಷಾಗಳ ಸಾಲು ಇರುತ್ತದೆ, ನಿಮ್ಮ ಕೆಲಸ ಅವಸರದಲ್ಲಿ ಮುಗಿಯುತ್ತದೆ. ಫೆಬ್ರವರಿಯಲ್ಲಿ ಹೋಗಿ.

ಆ ಮೂವರಿಗೆ

ಉಪ್ಪಳದ ಯುವಕನಿಗೆ ಟರ್ಪಾಲನ್ನೇ ಹೇಳಿದೆ. ಬಾಡಿಗೆಗೆ ಒಯ್ದವರು ಒದ್ದೆ ಇದ್ದರೂ ಮಡಚುತ್ತಾರೆ, ಮೀನು ಹುರಿದ ಕೈಯಲ್ಲಿ ಮುಟ್ಟುತ್ತಾರೆ, ಮರಳು ಮೆತ್ತುತ್ತಾರೆ. ಅವನಿಗೆ ಬೇಕಾದದ್ದು ಒರೆಸಿದರೆ ಹೋಗುವ, ಎರಡು ಮೂರು ವರ್ಷಕ್ಕೆ ಎಸೆದರೂ ಹೊಟ್ಟೆ ಉರಿಯದ ಬಟ್ಟೆ. ಆ ಖರ್ಚು ಬಾಡಿಗೆಯಲ್ಲೇ ಹುಟ್ಟುತ್ತದೆ. ಮೂರು ಕಡೆಯೂ ದೊಡ್ಡ ಕಿಟಕಿ ಬಿಟ್ಟು ಸೊಳ್ಳೆ ಪರದೆ ಹಾಕಿಸು, ಕಡಲಗಾಳಿ ಹಾದುಹೋದರೆ ತೊಟ್ಟಿಕ್ಕುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂದೆ.

ಬದಿಯಡ್ಕದವರಿಗೆ ಅಕ್ರಿಲಿಕ್ ಬಿಟ್ಟು ಗತಿಯಿಲ್ಲ. ಮಳೆಯಲ್ಲಿ ಬೆಳಿಗ್ಗೆ ಒದ್ದೆ ಮಡಚಿ ಹೊರಡಬೇಕು, ಸಂಜೆ ಇನ್ನೊಂದು ಮಳೆಯಲ್ಲಿ ಎತ್ತಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಕೊಡಗಿನ ಜುಲೈಯಲ್ಲಿ ಅದು ಒಣಗುವ ಮಾತಿಲ್ಲ. "ಅಷ್ಟು ದುಡ್ಡಾ?" ಎಂದರು. ಆರು ಮೀಟರಿನ ಲೆಕ್ಕ ತೋರಿಸಿದೆ. ಈ ವರ್ಷದ ಅಡಿಕೆ ಧಾರಣೆ ನೋಡಿ ಹೇಳುತ್ತೇವೆ ಎಂದು ಹೋಗಿದ್ದಾರೆ.

ಮೇಷ್ಟರ ವಿಷಯದಲ್ಲಿ ತುಸು ತಡವರಿಸಿದೆ. ಒಣ ಊರುಗಳ ಪ್ರವಾಸ, ತಿಂಗಳುಗಟ್ಟಲೆ ದಿನವೂ ಮಾಡು ತೆರೆದೇ ಇರುತ್ತದೆ, ಬಿಸಿಲು ಜೋರು. ಇದೆಲ್ಲ ಹತ್ತಿಗೆ ಹೇಳಿ ಮಾಡಿಸಿದ ಹಾಗೆ. ಅಡ್ಡಿ ಇರುವುದು ಮನೆಯಲ್ಲಿ ಕಳೆಯುವ ನಾಲ್ಕು ತಿಂಗಳು. ಶೆಡ್ಡಿನಲ್ಲಿ ಮಾಡನ್ನು ಎತ್ತಿಟ್ಟರೆ ಹತ್ತಿ, ಮುಚ್ಚಿಯೇ ಇಡಬೇಕಾದರೆ ಅಕ್ರಿಲಿಕ್ ಎಂದೆ. ಪೂರ್ತಿ ಎತ್ತಲು ಶೆಡ್ಡಿಗೆ 12 ಅಡಿ ಎತ್ತರ ಬೇಕು. ಹಿಂಭಾಗವನ್ನು ಒಂದಡಿಯಷ್ಟೇ ಎತ್ತಿ ಮರದ ತುಂಡು ಕೊಟ್ಟು ನಿಲ್ಲಿಸಿದರೂ ಗಾಳಿಯಾಡುತ್ತದೆ, ಅದಕ್ಕೆ 10 ಅಡಿ ಸಾಕು. ಟೇಪು ಸಿಗಲಿಲ್ಲವೆಂದು ಮೇಷ್ಟರು ಅಡಿಕೆ ಕೊಯ್ಯುವ ದೋಟಿಗೆ ಸುಣ್ಣದಲ್ಲಿ ಗುರುತು ಹಾಕಿ ಶೆಡ್ಡಿನೊಳಗೆ ನಿಲ್ಲಿಸಿ ನೋಡಿದರಂತೆ. ರಾತ್ರಿ ಫೋನ್ ಬಂತು.

"ಹತ್ತಡಿ ನಾಲ್ಕು ಅಂಗುಲ ಇದೆ. ಆದರೆ ಬಾಗಿಲ ಹತ್ತಿರ ಒಂದು ತೊಲೆ ಒಂಬತ್ತಡಿಗೇ ಅಡ್ಡ ಬಂದಿದೆಯಲ್ಲ?"

"ನಿಮ್ಮ ಮಾಡಿನ ಕೀಲು ಎಲ್ಲಿದೆ ಮೇಷ್ಟ್ರೇ?"

"ಮುಂದೆ."

"ಹಾಗಾದರೆ ವ್ಯಾನನ್ನು ಹಿಮ್ಮುಖವಾಗಿ ಒಳಗೆ ಹಾಕಿ. ಏಳದ ತುದಿ ತೊಲೆಯ ಕೆಳಗೆ ಬರುತ್ತದೆ."